ವಾಟ್ಸಾಪಿನಲ್ಲೂ ಮುಯ್ಯಿ

ನಮ್ಮ ಮನೆತನದ ವಾಟ್ಸಾಪ್ ಗ್ರೂಪಿನಲ್ಲಿ ಯಾರದಾದರೂ ಹುಟ್ಟುಹಬ್ಬ ಬಂತು ಅಂದ್ರೆ ಆ ದಿನ ಬೇರೆ ಮಾತಿಗೆ ಜಾಗ ಇರುವುದಿಲ್ಲ. ಬೆಳಗಿನ ಜಾವ ಐದೂವರೆಗೆ ದೊಡ್ಡಪ್ಪ ಗುಲಾಬಿ ಹೂವಿನ ಚಿತ್ರ ಹಾಕಿ ಶುರು ಮಾಡುತ್ತಾರೆ. ಆಮೇಲೆ ಒಬ್ಬೊಬ್ಬರೇ. ಕೇಕು, ಕುಣಿಯುವ ಬಲೂನು, 'ನೂರು ಕಾಲ ಸುಖವಾಗಿ ಬಾಳು'. ಎಲ್ಲರೂ ಹಾಕುವುದು ಹೆಚ್ಚುಕಮ್ಮಿ ಅದೇ. ಟೈಪ್ ಮಾಡಲು ಬೇಜಾರಾದವರು ಮೇಲಿನವರು ಬರೆದಿದ್ದನ್ನೇ ಕಾಪಿ ಮಾಡಿ ಅಂಟಿಸುತ್ತಾರೆ. ಒಮ್ಮೆ ಹಾಗೆ ಕಾಪಿ ಮಾಡಲು ಹೋಗಿ ನಮ್ಮ ಸೋದರಮಾವ 'ಇಂತಿ ನಿನ್ನ ಮುದ್ದಿನ ತಂಗಿ' ಎಂದು ಶುಭಾಶಯ ಹೇಳಿದ್ದರು. ಯಾರೂ ನಗಲಿಲ್ಲ. ಯಾರೂ ಓದಿಯೇ ಇರಲಿಲ್ಲ ಅನ್ನಿಸುತ್ತೆ.

ಸಂಜೆ ಹುಟ್ಟುಹಬ್ಬದವರ ಪಾಳಿ. 'ಎಲ್ಲರಿಗೂ ಧನ್ಯವಾದ' ಎಂದು ಒಂದೇ ಸಲ ಹೇಳಿ ಕೈತೊಳೆದುಕೊಂಡರೆ ಸಾಲದು. ಒಬ್ಬೊಬ್ಬರ ಮೆಸೇಜನ್ನೂ ಒತ್ತಿ ಹಿಡಿದು 'ಥ್ಯಾಂಕ್ಯೂ ದೊಡ್ಡಪ್ಪ', 'ಥ್ಯಾಂಕ್ಯೂ ಅತ್ತೆ' ಎಂದು ಬೇರೆಬೇರೆಯಾಗಿ ಹೇಳಬೇಕು. ಒಬ್ಬರು ಬಿಟ್ಟುಹೋದರೂ ಅದು ನೆನಪಿನಲ್ಲಿ ಉಳಿಯುತ್ತದೆ.

ಇದರಲ್ಲಿ ನನ್ನ ತಲೆಗೆ ಹತ್ತದೇ ಇದ್ದ ವಿಷಯಗಳು ಬಹಳ ಇದ್ದವು. ಗಂಡ ಹೆಂಡತಿ ಒಂದೇ ಸೋಫಾದ ಮೇಲೆ ಕೂತಿರುತ್ತಾರೆ, ಆದರೂ ಇಬ್ಬರೂ ಬೇರೆಬೇರೆ ವಿಶ್ ಹಾಕಬೇಕು. ಮಗ ಅಪ್ಪನಿಗೆ ಗ್ರೂಪಿನಲ್ಲಿ ನಾಲ್ಕು ಸಾಲು ಬರೆದಿರುತ್ತಾನೆ. ಅದೇ ಅಪ್ಪ ಎದುರಿಗೇ ಕೂತು ಉಪ್ಪಿಟ್ಟು ತಿನ್ನುತ್ತಿರುತ್ತಾರೆ, ಬಾಯಿಬಿಟ್ಟು ಒಂದು ಮಾತು ಆಡಿರುವುದಿಲ್ಲ. ಯಾರಾದರೂ ವಿಶ್ ಮಾಡಲು ಮರೆತರೆ ಆ ದಿನ ಯಾರೂ ಏನೂ ಅನ್ನುವುದಿಲ್ಲ. ಆದರೆ ಮರೆತವರ ಹುಟ್ಟುಹಬ್ಬ ಬಂದಾಗ ಒಬ್ಬರು ಮಾತ್ರ ಸುಮ್ಮನಿರುತ್ತಾರೆ. ಯಾರು, ಯಾಕೆ ಅಂತ ಇಡೀ ಗ್ರೂಪಿಗೆ ಗೊತ್ತಿರುತ್ತದೆ.

ಹಳೇ ಮೈಸೂರು ಕಡೆಯ ಹಳ್ಳಿ ಮದುವೆ ನೋಡಿದವರಿಗೆ ಇದರ ಮೂಲ ಎಲ್ಲಿದೆ ಅಂತ ಹೇಳಬೇಕಾಗಿಲ್ಲ. ಧಾರೆ ಮುಗಿಯುತ್ತಿದ್ದ ಹಾಗೆ ಚಪ್ಪರದ ಒಂದು ಮೂಲೆಯಲ್ಲಿ ಒಬ್ಬರು ನೋಟ್‌ಬುಕ್ ಹಿಡಿದು ಕೂರುತ್ತಾರೆ. ಬಂದವರು ಮುಯ್ಯಿ ಬರೆಸುತ್ತಾರೆ. ಊರು, ಹೆಸರು, ಎಷ್ಟು ರೂಪಾಯಿ. ಪಾತ್ರೆ ಕೊಟ್ಟರೆ ಪಾತ್ರೆ, ಸೀರೆ ಕೊಟ್ಟರೆ ಸೀರೆ. ಮದುವೆ ಮುಗಿದ ಮೇಲೆ ಆ ಪುಸ್ತಕ ಟ್ರಂಕಿಗೆ ಹೋಗುತ್ತದೆ. ಮುಂದೆ ಅವರ ಮನೆಯಿಂದ ಲಗ್ನಪತ್ರಿಕೆ ಬಂದಾಗ ಟ್ರಂಕಿನಿಂದ ಹೊರಗೆ ಬರುತ್ತದೆ. ಅವರು ನೂರೊಂದು ಕೊಟ್ಟಿದ್ದರಾ? ಹಾಗಾದರೆ ನಾವು ಸ್ವಲ್ಪ ಜಾಸ್ತಿ ಕೊಡಬೇಕು. ಕಮ್ಮಿ ಕೊಟ್ಟರೆ ಅವಮಾನ. ಸರಿಸಮ ಕೊಟ್ಟರೆ ಲೆಕ್ಕ ಚುಕ್ತಾ ಆಗಿಬಿಡುತ್ತದೆ, ಅದೂ ಒಳ್ಳೆಯದಲ್ಲ. ಸ್ವಲ್ಪ ಬಾಕಿ ಇದ್ದರೇ ಸಂಬಂಧ ನಡೆಯುವುದು. ಉತ್ತರ ಕರ್ನಾಟಕದವರು ಇದನ್ನೇ ಆಹೇರಿ ಅನ್ನುತ್ತಾರೆ.

ಫ್ರಾನ್ಸಿನ ಮಾರ್ಸೆಲ್ ಮೋಸ್ ಎಂಬ ಪಂಡಿತ 1920ರ ದಶಕದಲ್ಲಿ ಪೆಸಿಫಿಕ್ ದ್ವೀಪಗಳ ಜನ, ವಾಯವ್ಯ ಅಮೆರಿಕದ ಮೂಲನಿವಾಸಿಗಳು ಹೇಗೆ ಉಡುಗೊರೆ ಕೊಟ್ಟು ತೆಗೆದುಕೊಳ್ಳುತ್ತಾರೆ ಅಂತ ಬರೆದ. ಅವನು ಹೇಳಿದ್ದು ಮೂರು ಕಟ್ಟಳೆ. ಕೊಡಲೇಬೇಕು, ತಗೊಳ್ಳಲೇಬೇಕು, ತಿರುಗಿ ಕೊಡಲೇಬೇಕು. ನಮ್ಮ ಅಜ್ಜಿಗೆ ಯಾರಾದರೂ ಇದನ್ನು ಹೇಳಿದ್ದರೆ, ಇದಕ್ಕೂ ಪುಸ್ತಕ ಬರೀಬೇಕಿತ್ತಾ ಅಂತ ಕೇಳುತ್ತಿದ್ದರು.

ನನಗೆ ಈಗ ಅನ್ನಿಸುವುದು ಇಷ್ಟು. ಆನ್‌ಲೈನಿನಲ್ಲಿ ನಮ್ಮವರು ಮಾಡುವ, ನೋಡಿದರೆ ಅರ್ಥವೇ ಆಗದ ಬಹುಪಾಲು ಕೆಲಸಗಳು ಮುಯ್ಯಿಯ ಕೆಲಸಗಳು. ಮೆಸೇಜಿನಲ್ಲಿ ಏನಿದೆ ಅನ್ನುವುದು ಮುಖ್ಯವಲ್ಲ, ಯಾರ ಹೆಸರಿನಲ್ಲಿ ಜಮಾ ಆಯಿತು ಅನ್ನುವುದು ಮುಖ್ಯ. ಅದಕ್ಕೇ ಗಂಡ ಹೆಂಡತಿ ಬೇರೆಬೇರೆ ಹಾಕುವುದು. ಅದಕ್ಕೇ ಎದುರಿಗೆ ಹೇಳಿದ್ದು ಸಾಲದೇ ಇರುವುದು. ಉಪ್ಪಿಟ್ಟು ತಿನ್ನುವಾಗ ಹೇಳಿದ್ದನ್ನು ಯಾರು ಬರೆದುಕೊಳ್ಳುತ್ತಾರೆ?

ಗುಡ್ ಮಾರ್ನಿಂಗ್ ಚಿತ್ರಗಳ ಕಥೆಯೂ ಇದೇ. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದು ಡೇಟಾ ಸಸಾರವಾಯಿತಲ್ಲ, ಆಗ ನಮ್ಮ ಹಿರಿಯರ ಕೈಗೆ ಖರ್ಚಿಲ್ಲದೆ ಮುಯ್ಯಿ ಮಾಡುವ ಸೌಲಭ್ಯ ಸಿಕ್ಕಿತು. ಸೂರ್ಯೋದಯ, ಕಾಫಿ ಲೋಟ, ಇಬ್ಬನಿ ಬಿದ್ದ ಎಲೆ, ಅದರ ಮೇಲೊಂದು ನುಡಿಮುತ್ತು. ಎಷ್ಟರಮಟ್ಟಿಗೆ ಅಂದರೆ ಭಾರತದವರ ಫೋನುಗಳು ಯಾಕೆ ಇಷ್ಟು ಬೇಗ ತುಂಬಿಹೋಗುತ್ತಿವೆ ಎಂದು ಗೂಗಲ್ಲಿನವರು ಹುಡುಕಿದಾಗ ಸಿಕ್ಕ ಕಾರಣಗಳಲ್ಲಿ ಇದೂ ಒಂದು. 2017ರ ಕೊನೆಗೆ ಬಂದ ಅವರ ಫೈಲ್ಸ್ ಗೋ ಆ್ಯಪಿಗೆ ಇಂಥ ಚಿತ್ರಗಳನ್ನು ಗುರುತಿಸಿ ಗುಡಿಸಿ ಹಾಕುವ ಕೆಲಸ ಕಲಿಸಿದರು. ನನ್ನ ಅಮ್ಮನ ಫೋನಿನಲ್ಲಿ ಅದನ್ನು ಹಾಕಿಕೊಟ್ಟೆ. ಅಮ್ಮ ಅಳಿಸಲು ಬಿಡಲಿಲ್ಲ. 'ನಾಳೆ ಯಾರಿಗಾದರೂ ಕಳಿಸಬೇಕಲ್ಲ' ಅಂದರು. ಬಂದ ಮುಯ್ಯಿಯನ್ನೇ ಇನ್ನೊಬ್ಬರಿಗೆ ದಾಟಿಸುವುದು ನಮಗೆ ಹೊಸದಾ? ಮದುವೆಗೆ ಬಂದ ಸ್ಟೀಲ್ ಡಬ್ಬಿಗಳು, ಗೋಡೆ ಗಡಿಯಾರಗಳು ಎಷ್ಟು ಮನೆ ಸುತ್ತಿಲ್ಲ.

ಹಾಗಂತ ಹಳೆಯ ಮುಯ್ಯಿಗೂ ಇದಕ್ಕೂ ವ್ಯತ್ಯಾಸ ಇಲ್ಲ ಅಂತಲ್ಲ. ಆ ಪುಸ್ತಕ ಟ್ರಂಕಿನಲ್ಲಿ ಇರುತ್ತಿತ್ತು, ಮನೆಯವರು ಮಾತ್ರ ನೋಡುತ್ತಿದ್ದರು. ವಾಟ್ಸಾಪಿನ ಪುಸ್ತಕ ಚಪ್ಪರದಲ್ಲೇ ಬಿಚ್ಚಿಟ್ಟಿರುತ್ತದೆ. ಇನ್ನೊಂದು, ಕಾಗದದ ಕಾಲದಲ್ಲಿ ನೀವು ಯಾವಾಗ ಓದಿದಿರಿ ಅಂತ ಬರೆದವರಿಗೆ ಗೊತ್ತೇ ಆಗುತ್ತಿರಲಿಲ್ಲ. 'ನಿಮ್ಮ ಕಾಗದ ತಲುಪಿತು, ಉತ್ತರಿಸಲು ತಡವಾಯಿತು' ಅಂದರೆ ಮುಗಿಯಿತು. ತಪ್ಪು ಪೋಸ್ಟ್‌ಮನ್‌ದೋ ನಮ್ಮದೋ ಯಾರು ಕಂಡರು. 2014ರ ನವೆಂಬರಿನಲ್ಲಿ ನೀಲಿ ಟಿಕ್ ಬಂತು ನೋಡಿ, ಈ ಅನುಕೂಲ ಹೋಯಿತು. ತಗೊಂಡಿದ್ದೀರಿ, ತಿರುಗಿ ಕೊಟ್ಟಿಲ್ಲ ಅನ್ನುವುದಕ್ಕೆ ಸಾಕ್ಷಿ ಸಿಕ್ಕಿತು. ಜನ ಎಷ್ಟು ಗಲಾಟೆ ಮಾಡಿದರು ಅಂದರೆ ಸ್ವಲ್ಪ ದಿನದಲ್ಲೇ ಅದನ್ನು ಆಫ್ ಮಾಡುವ ಅವಕಾಶವನ್ನೂ ಕೊಡಬೇಕಾಯಿತು. ಆದರೆ ನೀವು ಆಫ್ ಮಾಡಿದರೆ ಬೇರೆಯವರು ಓದಿದ್ದೂ ನಿಮಗೆ ಕಾಣುವುದಿಲ್ಲ. ಗ್ರೂಪಿನಲ್ಲಂತೂ ಆಫ್ ಮಾಡಿದರೂ ಯಾರು ನೋಡಿದರು ಅಂತ ತೋರಿಸಿಯೇ ತೋರಿಸುತ್ತದೆ. ಹಾಗಾಗಿ ಈಗ ನಾವೆಲ್ಲ ಮೆಸೇಜ್ ತೆರೆಯದೇ ಮೇಲಿನ ನೋಟಿಫಿಕೇಷನ್ನಿನಲ್ಲೇ ಇಣುಕಿ ಓದುವುದನ್ನು ಕಲಿತಿದ್ದೇವೆ.

ಆಫೀಸಿನ ಚಾಟ್‌ನಲ್ಲಿ ಬೇರೆಯೇ ಒಂದು ಪಾಡು. 'ಹಾಯ್' ಅಂತ ಒಂದು ಮೆಸೇಜ್ ಬರುತ್ತದೆ. ಅಷ್ಟೇ. ನೀವು ತಿರುಗಿ 'ಹಾಯ್' ಅನ್ನುವವರೆಗೆ ಆ ಕಡೆಯವರು ವಿಷಯ ಹೇಳುವುದಿಲ್ಲ. ನೀವು ಮೀಟಿಂಗಿನಲ್ಲಿದ್ದು ಒಂದು ಗಂಟೆ ಬಿಟ್ಟು ಉತ್ತರ ಕೊಟ್ಟರೆ ಅಷ್ಟೊತ್ತಿಗೆ ಅವರು ಊಟಕ್ಕೆ ಹೋಗಿರುತ್ತಾರೆ. ಬೆಂಗಳೂರಿನ ಐಟಿ ಕಂಪನಿಗಳಲ್ಲಿ ಇದರ ಮೇಲೆ ಸಿಟ್ಟಾಗದವರು ಕಮ್ಮಿ. ಬರೀ ಹಾಯ್ ಹೇಳಬೇಡಿ, ನೇರ ಪ್ರಶ್ನೆ ಕೇಳಿ ಅಂತ ತಿಳಿಹೇಳಲಿಕ್ಕೇ ವೆಬ್‌ಸೈಟುಗಳಿವೆ. ಕೆಲವರು ಆ ಲಿಂಕನ್ನು ತಮ್ಮ ಸ್ಟೇಟಸ್ಸಿನಲ್ಲೇ ಹಾಕಿಕೊಂಡಿರುತ್ತಾರೆ. ನನಗೂ ಸಿಟ್ಟು ಬರುತ್ತದೆ. ಆದರೆ 'ಉಭಯ ಕುಶಲೋಪರಿ' ಅಂತ ಬರೆದ ಮೇಲೇ ವಿಷಯಕ್ಕೆ ಬರುತ್ತಿದ್ದ, ಮನೆಗೆ ಬಂದವರನ್ನು ನೀರು ಬೆಲ್ಲ ಕೊಡುವ ಮೊದಲು 'ಏನು ಬಂದಿರಿ' ಅಂತ ಕೇಳಬಾರದು ಎಂದು ಕಲಿಸಿದ ಜನ ನಾವು. ಬಂದ ತಕ್ಷಣ ಕೆಲಸ ಹೇಳುವುದು ಈಗಲೂ ಅನೇಕರಿಗೆ ಬಾಯಿಗೆ ಬರುವುದಿಲ್ಲ.

ಫೋನ್ ಮಾಡುವುದಕ್ಕೆ ಮೊದಲು 'ಫೋನ್ ಮಾಡ್ಲಾ?' ಅಂತ ಮೆಸೇಜ್ ಹಾಕಿ ಕೇಳುವುದು ಈಗಿನ ಹುಡುಗರ ಮರ್ಯಾದೆ. ಹಿರಿಯರಿಗೆ ಇದು ವಿಚಿತ್ರ. ಅವರು ನೇರ ಫೋನ್ ಮಾಡುತ್ತಾರೆ, ಎತ್ತದಿದ್ದರೆ ತಕ್ಷಣ ಇನ್ನೊಮ್ಮೆ ಮಾಡುತ್ತಾರೆ, ಆಗಲೂ ಎತ್ತದಿದ್ದರೆ ನಿಮ್ಮ ಹೆಂಡತಿಗೋ ಗಂಡನಿಗೋ ಮಾಡುತ್ತಾರೆ. ಒಂದು ಕಾಲದಲ್ಲಿ ಮೊಬೈಲಿಗೆ ಬಂದ ಕರೆಗೂ ದುಡ್ಡು ಕಟ್ಟಬೇಕಿತ್ತು, 2003ರಲ್ಲಿ ಅದು ಹೋಯಿತು. ಆದರೆ ಮಾಡುವ ಕರೆಗೆ ಖರ್ಚಿತ್ತಲ್ಲ, ಅದಕ್ಕೇ ಮಿಸ್ಡ್ ಕಾಲ್‌ನಲ್ಲೇ ಸಂಸಾರ ನಡೆಸಿದವರು ಇದೇ ಜನ. ಬಸ್ ಹತ್ತಿದೆ ಅನ್ನುವುದಕ್ಕೆ ಒಂದು, ಇಳಿದೆ ಅನ್ನುವುದಕ್ಕೆ ಒಂದು. ಎತ್ತಿಬಿಟ್ಟರೆ ಬೈಗುಳ.

ಇನ್ನು ಸಾವಿನ ಸುದ್ದಿ. ಇಲ್ಲಿ ಮಾತ್ರ ನನಗೆ ತಮಾಷೆ ಮಾಡಲು ಆಗುವುದಿಲ್ಲ.

ಹಿಂದೆ ಸಾವಿನ ಸುದ್ದಿ ಮುಟ್ಟಿಸುವುದಕ್ಕೆ ಅದರದ್ದೇ ಒಂದು ಕ್ರಮ ಇತ್ತು. ತಂತಿ ಕಳಿಸುವಾಗ ತೀರಿಕೊಂಡಿದ್ದರೂ 'ಅಪ್ಪನಿಗೆ ಸೀರಿಯಸ್, ಕೂಡಲೇ ಹೊರಟು ಬಾ' ಅಂತ ಕಳಿಸುತ್ತಿದ್ದರು. ದಾರಿಯಲ್ಲಿ ಬರುವವರು ತಡೆದುಕೊಳ್ಳಲಿ ಅಂತ. ಬಸ್ ಸ್ಟ್ಯಾಂಡಿನಲ್ಲಿ ಇಳಿಯುವಾಗ ಕಾಯುತ್ತಿದ್ದವರ ಮುಖ ನೋಡಿಯೇ ಗೊತ್ತಾಗುತ್ತಿತ್ತು, ಆದರೆ ಅಷ್ಟೊತ್ತಿಗೆ ಹಿಡಿದುಕೊಳ್ಳಲು ಯಾರಾದರೂ ಪಕ್ಕದಲ್ಲಿ ಇರುತ್ತಿದ್ದರು. ಕಾರ್ಡಿನಲ್ಲಿ ಬಂದ ಸಾವಿನ ಸುದ್ದಿಯನ್ನು ಓದಿ ಹರಿದು ಹಾಕುತ್ತಿದ್ದರು, ಮನೆಯೊಳಗೆ ಇಟ್ಟುಕೊಳ್ಳುತ್ತಿರಲಿಲ್ಲ. ತಂತಿ ಸೇವೆ 2013ರ ಜುಲೈನಲ್ಲಿ ನಿಂತಿತು. ಆ ಕ್ರಮ ಅದಕ್ಕೂ ಮೊದಲೇ ನಿಂತಿತ್ತು.

ನಮ್ಮ ಬಂಧುಗಳಲ್ಲಿ ಒಬ್ಬರು ಹಿರಿಯರು ಹೋದಾಗ ಅಮೆರಿಕದಲ್ಲಿದ್ದ ಅವರ ಮೊಮ್ಮಗಳಿಗೆ ವಿಷಯ ತಿಳಿದದ್ದು ಗ್ರೂಪಿನಿಂದ. ಮನೆಯವರು ಆಸ್ಪತ್ರೆಯ ಬಿಲ್ಲು, ಆಂಬುಲೆನ್ಸು ಅಂತ ಓಡಾಡುತ್ತಿದ್ದರು. ಅಷ್ಟರಲ್ಲಿ ದೂರದ ನೆಂಟರೊಬ್ಬರು, ಒಳ್ಳೆಯವರೇ, ಹಾರ ಹಾಕಿದ ಫೋಟೋ ಮಾಡಿಸಿ ಗ್ರೂಪಿಗೆ ಹಾಕಿಬಿಟ್ಟರು. ಅದರ ಕೆಳಗೆ 'ಓಂ ಶಾಂತಿ' ಸಾಲುಗಟ್ಟಿತು. ಅಲ್ಲಿ ಆಗ ಮಧ್ಯರಾತ್ರಿ. ಅವಳು ಎದ್ದು ನೀರು ಕುಡಿಯಲು ಹೋದವಳು ಫೋನ್ ನೋಡಿದ್ದಾಳೆ. ಮೊದಲು ಕಣ್ಣಿಗೆ ಬಿದ್ದದ್ದು ಕೊನೆಯ ಮೆಸೇಜ್, ಕೈಮುಗಿದ ಚಿಹ್ನೆ. ಮೇಲಕ್ಕೆ ಸರಿಸುತ್ತ ಸರಿಸುತ್ತ ಹೋದರೆ ಎಲ್ಲ 'ಓಂ ಶಾಂತಿ', ಯಾರು ಹೋದರು ಅಂತ ಯಾರೂ ಬರೆದಿಲ್ಲ. ತುದಿಯಲ್ಲಿ ತಾತನ ಫೋಟೋ. ಆ ಮೇಲಕ್ಕೆ ಸರಿಸಿದ ಹೊತ್ತನ್ನು ಅವಳು ಇನ್ನೂ ಮರೆತಿಲ್ಲ.

ಮೊದಲು ಸುದ್ದಿ ಹೇಳುವ ಹಕ್ಕು ಯಾರದ್ದು ಅನ್ನುವುದನ್ನು ನಾವು ಆನ್‌ಲೈನಿಗೆ ತರುವಾಗ ಹಿಂದೆಯೇ ಬಿಟ್ಟುಬಂದೆವು. ಮುಯ್ಯಿ ಬರೆಸುವ ಆತುರ ಮಾತ್ರ ಜೊತೆಗೆ ಬಂತು. ಯಾರಿಗಾದರೂ ಇದನ್ನು ನಿಯಮ ಮಾಡುವ ಅಧಿಕಾರ ಇದ್ದರೆ ದಯವಿಟ್ಟು ಮಾಡಿ. ಮನೆಯವರು ಹಾಕುವವರೆಗೆ ಬೇರೆ ಯಾರೂ ಹಾಕಕೂಡದು.

ಸತ್ತ ಸುದ್ದಿಗೆ ಹೆಬ್ಬೆರಳು ತೋರಿಸುವವರ ಬಗ್ಗೆ ಹುಡುಗರು ತುಂಬ ನಗುತ್ತಾರೆ. ಅದನ್ನು ಮಾತ್ರ ನಾನು ಕ್ಷಮಿಸುತ್ತೇನೆ. ಹಿರಿಯರ ಪಾಲಿಗೆ ಅದು 'ತಿಳಿಯಿತು' ಅಷ್ಟೇ. ಹುಡುಗರ ಪಾಲಿಗೆ ಅದೇ ಹೆಬ್ಬೆರಳು 'ಸಾಕು, ಮಾತು ಮುಗಿಸು'. ಈ ಗೊಂದಲ ನಮ್ಮೊಬ್ಬರದ್ದೇ ಅಲ್ಲ. ಕೆನಡಾದ ಸಸ್ಕಾಚೆವಾನ್‌ನಲ್ಲಿ ಒಬ್ಬ ರೈತ ಅಗಸೆ ಬೀಜ ಮಾರುವ ಕರಾರಿನ ಫೋಟೋಗೆ ಹೆಬ್ಬೆರಳು ಕಳಿಸಿದ್ದ. ಬೀಜ ಕೊಡಲಿಲ್ಲ. ನೋಡಿದೆ ಅಂತ ಹೇಳಿದ್ದು, ಒಪ್ಪಿದೆ ಅಂತಲ್ಲ ಅನ್ನುವುದು ಅವನ ವಾದ. 2023ರಲ್ಲಿ ನ್ಯಾಯಾಧೀಶರು ಒಪ್ಪಿದ ಹಾಗೇ ಅಂತ ತೀರ್ಪು ಕೊಟ್ಟು, 82,000 ಕೆನಡಾ ಡಾಲರಿಗೂ ಹೆಚ್ಚು ಪರಿಹಾರ ಕಟ್ಟಿಸಿದರು. ಅಗಸಿ ಚಟ್ನಿ ಪ್ರಿಯರು ಎಚ್ಚರವಾಗಿರಿ.

ಕೈಮುಗಿಯುವ ಚಿಹ್ನೆಗೆ ನಮ್ಮಲ್ಲಿ ಸಿಕ್ಕಿರುವಷ್ಟು ಕೆಲಸ ಜಪಾನಿನಲ್ಲೂ ಸಿಕ್ಕಿಲ್ಲವೇನೋ, ಎಮೋಜಿ ಹುಟ್ಟಿದ್ದು ಅಲ್ಲೇ ಆದರೂ. ನಮಸ್ಕಾರ, ಥ್ಯಾಂಕ್ಸ್, ಓಂ ಶಾಂತಿ, ದೇವರ ಫೋಟೋಗೆ ಭಕ್ತಿ, ಸಾಲ ಕೇಳಿದವರಿಗೆ ಆಗಲ್ಲಪ್ಪ ಅನ್ನುವುದು, ಎಲ್ಲಕ್ಕೂ ಅದೇ. ಜಗಳದ ಮಧ್ಯೆ ಬಂದರೆ ಮಾತ್ರ ಹುಷಾರು. 'ನಿಮ್ಮ ಹತ್ರ ವಾದ ಮಾಡಕ್ಕಾಗಲ್ಲ, ದೊಡ್ಡವರು ನೀವು' ಅಂತ ಅರ್ಥ, ಮತ್ತು ಅದು ಹೊಗಳಿಕೆ ಅಲ್ಲ.

ಫೇಸ್‌ಬುಕ್ಕಿನ ಮುಯ್ಯಿ ಇನ್ನೂ ಒಂದು ಹೆಜ್ಜೆ ಮುಂದೆ. ನನಗೆ ಪರಿಚಯವಿದ್ದ ಒಬ್ಬರು ನಿವೃತ್ತ ಮೇಷ್ಟ್ರು ತೀರಿಕೊಂಡು ವರ್ಷಗಳಾದವು. ಪ್ರತಿ ಹುಟ್ಟುಹಬ್ಬಕ್ಕೂ ಅವರ ಗೋಡೆಯ ಮೇಲೆ 'ದೇವರು ಆಯುರಾರೋಗ್ಯ ಕೊಡಲಿ ಸರ್' ಎಂಬ ಹಾರೈಕೆ ಬರುತ್ತಲೇ ಇದೆ. ಫೇಸ್‌ಬುಕ್ ನೆನಪಿಸುತ್ತದೆ, ಇವರು ಒತ್ತುತ್ತಾರೆ. ಸತ್ತವರ ಖಾತೆಯನ್ನು ಸ್ಮರಣೆಯ ಖಾತೆಯಾಗಿ ಬದಲಿಸುವ ವ್ಯವಸ್ಥೆ 2009ರಿಂದಲೇ ಇದೆ, ಹಾಗೆ ಬದಲಿಸಿದರೆ ಹುಟ್ಟುಹಬ್ಬದ ನೆನಪೋಲೆ ನಿಲ್ಲುತ್ತದೆ. ಮನೆಯವರಿಗೆ ಅದು ಗೊತ್ತಿಲ್ಲ, ಅಥವಾ ಗೊತ್ತಿದ್ದೂ ಸುಮ್ನೆ ಬಿಟ್ಟಿದ್ದಾರೆ. ಅವರ ಮಗಳು ಆ ಹಾರೈಕೆಗಳಿಗೆಲ್ಲ ಒಂದೊಂದು ಲೈಕ್ ಒತ್ತುತ್ತಾರೆ, ಅಪ್ಪನ ಖಾತೆಯಿಂದಲೇ. ಅದನ್ನು ನೋಡಿ ಏನು ಅಂದುಕೊಳ್ಳಬೇಕೋ ತಿಳಿಯಲಿಲ್ಲ. ಅಪ್ಪನ ಬಾಕಿ ಮಗಳು ತೀರಿಸುವುದು ಮುಯ್ಯಿಯಲ್ಲಂತೂ ಇದೆ.

ಗ್ರೂಪ್ ಬಿಡುವ ವಿಷಯ ಬೇಗ ಹೇಳಿ ಮುಗಿಸುತ್ತೇನೆ, ಯಾಕೆಂದರೆ ಬಿಡಲು ಆಗುವುದೇ ಇಲ್ಲ. 'ಇಂಥವರು ಹೊರಟರು' ಅಂತ ಎಲ್ಲರಿಗೂ ಕಾಣುತ್ತಿದ್ದ ಕಾಲದಲ್ಲಿ ಅದು ಪಂಕ್ತಿಯಿಂದ ಎದ್ದು ಹೋದಷ್ಟೇ ದೊಡ್ಡ ಮಾತಾಗುತ್ತಿತ್ತು. 2022ರಲ್ಲಿ ಸದ್ದಿಲ್ಲದೆ ಬಿಡಬಹುದು, ಅಡ್ಮಿನ್‌ಗೆ ಮಾತ್ರ ತಿಳಿಯುತ್ತದೆ ಎಂದು ಬದಲಾಯಿಸಿದರು. ಅಡ್ಮಿನ್ ಯಾರು? ದೊಡ್ಡಪ್ಪನ ಮಗ. ಸಂಜೆಯೊಳಗೆ ಅಮ್ಮನಿಗೆ ಫೋನ್. 'ಏನಂತೆ ನಿಮ್ಮ ಮಗಳಿಗೆ, ನಾವೆಲ್ಲ ಬೇಡವಾದೆವಾ?'

ಫಾರ್ವರ್ಡ್ ಮೆಸೇಜುಗಳ ಹತ್ತಿರ ಬಂದಾಗ ಮಾತ್ರ ಈ ಮುಯ್ಯಿ ಲೆಕ್ಕ ನಿಜವಾಗಿ ಕಷ್ಟಕ್ಕೆ ಸಿಕ್ಕಿಸುತ್ತದೆ. ನಮ್ಮ ರಾಷ್ಟ್ರಗೀತೆಯನ್ನು ಯುನೆಸ್ಕೋ ಜಗತ್ತಿನಲ್ಲೇ ಅತ್ಯುತ್ತಮ ಎಂದು ಘೋಷಿಸಿತು ಅನ್ನುವ ಸುಳ್ಳು ಎಷ್ಟು ವರ್ಷದಿಂದ ಸುತ್ತುತ್ತಿದೆ, ನೀವೂ ನೋಡಿರುತ್ತೀರಿ. ಯಾರೋ ಒಬ್ಬ ಹುಡುಗ 'ಇದು ಫೇಕ್' ಅಂತ ಲಿಂಕ್ ಸಮೇತ ಹಾಕುತ್ತಾನೆ. ಗ್ರೂಪ್ ಗಪ್‌ಚುಪ್. ಕಳಿಸಿದ ಹಿರಿಯರಿಂದ ಒಂದು ಕೈಮುಗಿದ ಚಿಹ್ನೆ. ಮುಂದಿನ ಆಗಸ್ಟ್ 15ಕ್ಕೆ ಅದೇ ಮೆಸೇಜ್ ಮತ್ತೆ ಹಾಜರ್. ಹುಡುಗನಿಗೆ ಇದು ಹಟ ಅನ್ನಿಸುತ್ತದೆ. ಆದರೆ ಹಿರಿಯರ ಕಡೆಯಿಂದ ನೋಡಿ. ಅವರು ತಂದದ್ದು ಒಂದು ಕೊಡುಗೆ. ಪ್ರೀತಿಯಿಂದ ತಂದದ್ದನ್ನು ತುಂಬಿದ ಚಪ್ಪರದಲ್ಲಿ ಎತ್ತಿ ಹಿಡಿದು ಇದು ಗಿಲೀಟು ಅಂದರೆ ಯಾರಿಗೆ ಸಹಿಸಲಾಗುತ್ತದೆ?

ಹಾಗಂತ ಸುಮ್ಮನಿರಲೂ ಆಗದು. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯಲ್ಲಿ, ಹೈದರಾಬಾದಿನಿಂದ ಬಂದ ಗೆಳೆಯರ ಕಾರನ್ನು ಮಕ್ಕಳ ಕಳ್ಳರದ್ದೆಂದು ಜನ ಅಡ್ಡಗಟ್ಟಿ ಹೊಡೆದರು. ಮಕ್ಕಳಿಗೆ ಚಾಕೊಲೇಟ್ ಕೊಟ್ಟದ್ದೇ ಅನುಮಾನಕ್ಕೆ ಕಾರಣವಾಗಿತ್ತು. ಒಬ್ಬ ಯುವಕ ಸತ್ತುಹೋದ. ವಾಟ್ಸಾಪಿನಲ್ಲಿ ಓಡಿದ ಸುದ್ದಿ ಅವರ ಕಾರಿಗಿಂತ ಮುಂದೆ ಹೋಗಿತ್ತು. ಅದೇ ತಿಂಗಳು ಭಾರತದಲ್ಲಿ ಒಂದು ಸಲಕ್ಕೆ ಐದು ಕಡೆಗಿಂತ ಜಾಸ್ತಿ ಫಾರ್ವರ್ಡ್ ಮಾಡದ ಹಾಗೆ ವಾಟ್ಸಾಪ್ ಮಿತಿ ಹಾಕಿತು. 2020ರಲ್ಲಿ, ಕೋವಿಡ್ ಹೊತ್ತಿಗೆ, ತುಂಬ ಸಲ ದಾಟಿ ಬಂದ ಮೆಸೇಜನ್ನು ಒಂದು ಸಲಕ್ಕೆ ಒಂದೇ ಕಡೆ ಕಳಿಸಬಹುದು ಅಂತ ಮಾಡಿದರು. ಮಕ್ಕಳ ಕಳ್ಳರು ಬಂದಿದ್ದಾರೆ, ಹುಷಾರು ಅಂತ ಕಳಿಸಿದವರೂ ಪ್ರೀತಿಯಿಂದಲೇ ಕಳಿಸಿದ್ದು.

ನನ್ನ ಚಿಕ್ಕಪ್ಪ ಇಂಥವುಗಳಲ್ಲಿ ಎತ್ತಿದ ಕೈ. ಗ್ರೂಪಿನಲ್ಲಿ ತಿದ್ದುವುದನ್ನು ಬಿಟ್ಟು ನಾನು ಫೋನ್ ಮಾಡಲು ಶುರು ಮಾಡಿದೆ. ಮೊದಲು ಮಂಡಿನೋವು ವಿಚಾರಿಸುವುದು, ಆಮೇಲೆ ಕೊಬ್ಬರಿ ರೇಟು, ತೋಟಕ್ಕೆ ನೀರು. ಕೊನೆಗೆ, ಫೋನ್ ಇಡುವ ಹೊತ್ತಿಗೆ, 'ಚಿಕ್ಕಪ್ಪ, ಬೆಳಿಗ್ಗೆ ಹಾಕಿದ್ರಲ್ಲ, ಅದು ಹಳೇದಂತೆ ನೋಡಿ, ಯಾರೋ ಸುಳ್ಳು ಹಬ್ಬಿಸಿದ್ದಾರೆ.' ಅವರೇ ಅದನ್ನು ಅಳಿಸಿದರು. 'ಈ ಮೆಸೇಜ್ ಅಳಿಸಲಾಗಿದೆ' ಅಂತ ಬಂದದ್ದನ್ನು ನೋಡಿ ಏನಿತ್ತು ಏನಿತ್ತು ಅಂತ ಗ್ರೂಪಿನವರೆಲ್ಲ ಕೇಳಿದ್ದು ಬೇರೆ ಕಥೆ.

ಈಗ ಚಿಕ್ಕಪ್ಪ ಏನೇ ಬಂದರೂ ಮೊದಲು ನನಗೆ ಕಳಿಸುತ್ತಾರೆ. 'ಪುಟ್ಟೀ, ಇದು ನಿಜಾನಾ ನೋಡಮ್ಮ.' ಬೇವಿನ ಎಲೆಯಿಂದ ಸಕ್ಕರೆ ಕಾಯಿಲೆ ವಾಸಿ, ಎರಡು ಸಾವಿರದ ನೋಟಿನಲ್ಲಿ ಎಲೆಕ್ಟ್ರಾನಿಕ್ ಚಿಪ್, ಇವತ್ತು ರಾತ್ರಿ ಚಂದ್ರನ ಪಕ್ಕ ಇನ್ನೊಂದು ಚಂದ್ರ. ಬೆಳಿಗ್ಗೆ ಕಾಫಿ ಕುಡಿಯುವ ಮೊದಲೇ ನನ್ನ ಡ್ಯೂಟಿ ಶುರು. ಉತ್ತರ ತಡವಾದರೆ ಅವರು ಕಾಯುವುದಿಲ್ಲ. ಹೋದ ವಾರ ನಾನು ಬಸ್ಸಿನಲ್ಲಿದ್ದೆ, ನೋಡಲು ಆಗಲಿಲ್ಲ. ಮಧ್ಯಾಹ್ನ ತೆರೆದರೆ ಆ ಎರಡನೇ ಚಂದ್ರ ಗ್ರೂಪಿನಲ್ಲಿ ಬಂದು ಕೂತಿದ್ದಾನೆ. ಕೆಳಗೆ ಚಿಕ್ಕಪ್ಪನ ಒಕ್ಕಣೆ: 'ನಮ್ಮ ಪುಟ್ಟಿಗೆ ಕಳಿಸಿದ್ದೇನೆ. ಏನೂ ತಪ್ಪು ಹೇಳಿಲ್ಲ.'